ನಾನು ರೈಟು ಹಾಕಿದ ಪುಟ

ಫೋನಿನಲ್ಲಿ ಒಂದು ವೆಬ್ ಪುಟ ತೆರೆದು, ಅದು ನೆಟ್ಟಗೆ ಕಾಣುತ್ತದೆಯೋ ಇಲ್ಲವೋ ಎಂದು ನೋಡಿ ಬರೆದಿಡುವುದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನಮ್ಮ ಮನೆಯವರು ಮೊದಮೊದಲು ನಕ್ಕಿದ್ದರು. ಕೊಡುತ್ತಿದ್ದರು. ಹತ್ತು ವರ್ಷದ ಹತ್ತಿರ ನಾನು ಭದ್ರಾವತಿಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗದ ಒಂದು ಆಫೀಸಿಗೆ ಹೋಗಿದ್ದೇನೆ, ಕೊನೆಯ ಕೆಲವು ವರ್ಷ ಆ ಕೆಲಸವನ್ನೇ ಮಾಡಿದ್ದೇನೆ. ಈಗ ಅದಕ್ಕೆ ಟೆಸ್ಟಿಂಗ್ ಎಂಬ ಹೆಸರಿದೆ, ಕೋರ್ಸುಗಳಿವೆ. ನಮ್ಮ ನಾದಿನಿಯ ಮಗಳು ಅಂಥ ಕೆಲಸಕ್ಕೆ ಸೇರಿದವಳು, "ಅತ್ತೆ, ನಿಮ್ಮ ಕಾಲದ್ದು ಬರೆದುಕೊಡಿ, ನಮ್ಮ ಜೊತೆಯವರೆಲ್ಲ ಓದ್ತೀವಿ" ಎಂದಳು. ಬರೆಯುತ್ತೇನೆ. ಆದರೆ ಹೆಮ್ಮೆ ಪಡುವಂಥದ್ದು ಇದರಲ್ಲಿ ಕಡಿಮೆ. ಒಂದು ತಪ್ಪಿದೆ. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಶಿವ ಮೆಚ್ಚುವುದಿಲ್ಲ.

ನಾನು ಕೆಲಸಕ್ಕೆಂದು ಹುಟ್ಟಿದವಳಲ್ಲ. ಮನೆ, ಪೂಜೆ, ಇಬ್ಬರು ಮಕ್ಕಳ ಶಾಲೆ, ಇಷ್ಟೇ ನನ್ನ ಲೋಕ. ನಮ್ಮ ಮನೆಯವರು ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ತೊಂಬತ್ತರ ದಶಕದ ಕೊನೆಗೆ ಅವರ ವಿಭಾಗದಲ್ಲಿ ಕೆಲಸ ಕಡಿಮೆಯಾಗಿ, ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದು ಹೇಳಿ ಕಳಿಸಿದರು. ಬಾಡಿಗೆ ಕಟ್ಟಿಕೊಂಡು ಕ್ವಾರ್ಟರ್ಸಿನಲ್ಲೇ ಇರಬಹುದು ಎಂದದ್ದು ಒಂದು ಪುಣ್ಯ. ದೀಪ ಹಚ್ಚುವಾಗ ಆ ದಿನ ಸಿಕ್ಕ ಮೂರು ಉಪಕಾರಗಳನ್ನು ಎಣಿಸುವ ಅಭ್ಯಾಸ ನನಗೆ ಅಮ್ಮನಿಂದ ಬಂದದ್ದು. ಆ ದಿನ ಸೂರು ಉಳಿಯಿತು ಎಂಬುದು ಒಂದು. ಇನ್ನೆರಡನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

ಮದುವೆಗೆ ಮುಂಚೆ ಕನ್ನಡ ಟೈಪಿಂಗ್ ಕಲಿತಿದ್ದೆ. ಅದೊಂದೇ ನನ್ನ ಬಂಡವಾಳ. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ದೋಸೆ ಹೋಟೆಲಿನ ಮೇಲಿನ ಎರಡು ಕೋಣೆಯಲ್ಲಿ ಗಿರೀಶ್ ಎಂಬುವರು ಕಾಲೇಜುಗಳಿಗೆ, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನನಗೆ ಸರ್. ಕನ್ನಡ ಅಕ್ಷರ ಕೂರಿಸಲು ಅವರಿಗೆ ಒಬ್ಬರು ಬೇಕಿತ್ತು. ನಾನು ಸೇರಿದೆ.

ಮೊದಲ ವಾರವೇ ಒಂದು ವಿಚಿತ್ರ ಕಂಡೆ. ಒಂದೇ ಪುಟ ಒಂದು ಕಂಪ್ಯೂಟರಿನಲ್ಲಿ ಮದುಮಗಳ ಹಾಗಿರುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲಿ, ಬೇರೆ ಬ್ರೌಸರಿನಲ್ಲಿ ತೆರೆದರೆ ಚಿತ್ರ ಅಕ್ಷರದ ಮೇಲೆ ಕೂತಿರುತ್ತಿತ್ತು, ಬಣ್ಣ ಹಾರಿಹೋಗಿರುತ್ತಿತ್ತು. ಗಿರೀಶ್ ಸರ್ ಮೇಜಿನ ಮೇಲೆ ದಪ್ಪನೆಯ ಒಂದು ಕಟ್ಟು ಇತ್ತು, ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿದ್ದು.

"ಇದು ವೆಬ್ಬಿನ ನಿಯಮಾವಳಿ ಶಾಂತಮ್ಮೋರೇ. ಸ್ಟ್ಯಾಂಡರ್ಡ್ಸ್ ಅಂತಾರೆ. ಬ್ರೌಸರ್ ಮಾಡೋರೆಲ್ಲ ಒಪ್ಪಿರೋದು. ಇದರ ಪ್ರಕಾರ ನಾವು ಬರೆದ್ರೆ ಎಲ್ಲಾ ಕಡೆ ಒಂದೇ ಥರ ಕಾಣ್ಬೇಕು."

"ಕಾಣುತ್ತಾ ಸರ್?"

"ಕಾಣ್ಬೇಕು ಅಂದೆ."

ಹತ್ತು ವರ್ಷದಲ್ಲಿ ನಾನು ಕಲಿತದ್ದೆಲ್ಲ ಆ ಎರಡು ಮಾತಿನ ನಡುವೆ ಇದೆ. ಪುಸ್ತಕದಲ್ಲಿರುವುದು ಬೇರೆ, ಜನರ ಕೈಯಲ್ಲಿರುವುದು ಬೇರೆ. ಪುಟದ ಬುಡದಲ್ಲಿ, ಇಂಥ ಬ್ರೌಸರಿನಲ್ಲಿ ನೋಡಿದರೆ ಚೆನ್ನ ಎಂದು ಸಣ್ಣ ಅಕ್ಷರದಲ್ಲಿ ಬರೆದು ಆಗ ಎಲ್ಲರೂ ಕೈತೊಳೆದುಕೊಳ್ಳುತ್ತಿದ್ದರು. ನಾವೂ ತೊಳೆದುಕೊಂಡೆವು.

ಆ ಮೇಲೆ ಫೋನು ಬಂತು. ಮಾತಾಡುವ ಫೋನಲ್ಲ, ಇಂಟರ್‌ನೆಟ್ ತೋರಿಸುವ ಫೋನು. ಸ್ಮಾರ್ಟ್‌ಫೋನ್ ಎಂಬ ಮಾತು ಶಿವಮೊಗ್ಗದಲ್ಲಿ ಆಗಷ್ಟೇ ಕಿವಿಗೆ ಬೀಳುತ್ತಿತ್ತು. ನಮಗೆ ಅದರ ಬಿಸಿ ಮೊದಲು ಮುಟ್ಟಿಸಿದವರು ಒಬ್ಬ ಅಡಿಕೆ ಮಂಡಿ ಸಾಹುಕಾರರು. ದಿನದ ದರದ ಪಟ್ಟಿಯನ್ನು ಅವರ ವೆಬ್‌ಸೈಟಿನಲ್ಲಿ ನಾನೇ ತುಂಬುತ್ತಿದ್ದೆ. ಒಂದು ಬೆಳಿಗ್ಗೆ ಅವರು ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಏನ್ ಗಿರೀಶೋರೇ, ನನ್ ಮಂಡಿ ಮುಚ್ಚಿಸ್ಬೇಕು ಅಂತ ಹರಕೆ ಹೊತ್ತಿದೀರಾ?"

"ಏನಾಯ್ತು ಸಾಹುಕಾರ್ರೇ?"

"ಸರಕಿನ ರೇಟು ತಗಂಡ್ ಹೋಗಿ ಗೊರಬಲಿಗೆ ಕಟ್ಟಿದೀರಲ್ಲ ಮಾರಾಯ್ರೇ! ತೀರ್ಥಹಳ್ಳಿ ಕಡೆಯೋರು ಫೋನ್ ಮಾಡಿ, ಗೊರಬಲಿಗೆ ಅಷ್ಟು ಕೊಡ್ತೀರಾ, ಈಗ್ಲೇ ಲಾರಿ ಲೋಡ್ ಮಾಡ್ತೀವಿ ಅಂತಾರೆ. ನಾನೇನ್ ಮಾಡ್ಲಿ, ಮನೆ ಮಾರ್ಲಾ?"

ಸರಕು ಎಂದರೆ ಎಲ್ಲಕ್ಕಿಂತ ದುಬಾರಿ ಅಡಿಕೆ, ಗೊರಬಲು ಎಲ್ಲಕ್ಕಿಂತ ಅಗ್ಗದ್ದು. ನಮ್ಮ ಕಂಪ್ಯೂಟರಿನಲ್ಲಿ ಪಟ್ಟಿ ಸರಿಯಾಗಿಯೇ ಇತ್ತು. ಅವರು ಜೇಬಿನಿಂದ ಫೋನು ತೆಗೆದು ತೋರಿಸಿದರು. ಅಗಲದ ಪಟ್ಟಿ ಆ ಪುಟ್ಟ ಪರದೆಯಲ್ಲಿ ಹಿಡಿಯದೆ ಮುರಿದುಬಿದ್ದಿತ್ತು. ಹೆಸರುಗಳೆಲ್ಲ ಮೇಲೆ, ದರಗಳೆಲ್ಲ ಕೆಳಗೆ, ನಡುವೆ ಒಂದು ಮನೆ ಜಾರಿ ಒಬ್ಬರ ಗಂಟು ಇನ್ನೊಬ್ಬರ ತಲೆಗೆ. ಗಿರೀಶ್ ಸರ್ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ಸಾಹುಕಾರರು ನನ್ನ ಕಡೆ ನೋಡಿ, "ನೀವಾದ್ರೂ ಹೇಳಿ ತಾಯಿ, ಇದು ನಗೋ ವಿಷ್ಯಾನಾ?" ಎಂದರು. ಅಲ್ಲ ಎಂದೆ. ಲಾರಿ ಹೊರಟಿರಲಿಲ್ಲ, ಅದೇ ಪುಣ್ಯ.

ಆ ದಿನದಿಂದ ಫೋನಿನಲ್ಲಿ ಪುಟ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಫೋನು ಎಲ್ಲಿಂದ ತರುವುದು? ಒಂದೊಂದು ಕಂಪನಿಯ ಒಂದೊಂದು ಮಾದರಿ, ಒಂದೊಂದರೊಳಗೂ ಬೇರೆ ಬ್ರೌಸರು. ಕೊಳ್ಳುವ ಶಕ್ತಿ ಆಫೀಸಿಗಿರಲಿಲ್ಲ. ನಮ್ಮ ಕೆಳಗೆ ಎರಡು ಅಂಗಡಿ ದಾಟಿದರೆ ರಿಯಾಜ್ ಅವರ ಮೊಬೈಲ್ ರಿಪೇರಿ ಅಂಗಡಿ. ಸೆಕೆಂಡ್ ಹ್ಯಾಂಡ್ ಫೋನುಗಳನ್ನೂ ಮಾರುತ್ತಿದ್ದರು. ಕೇಳಿದೆ.

"ಈ ಗಾಜಿನ ಪೆಟ್ಟಿಗೇಲಿ ಇರೋದು ಮಾರಾಟದ್ದು, ಎಷ್ಟು ಬೇಕಾದ್ರೂ ನೋಡಿ ಅಕ್ಕಾ. ಆ ಡ್ರಾಯರ್‌ನಲ್ಲಿ ಇರೋದು ರಿಪೇರಿಗೆ ಬಂದಿದ್ದು. ಅದು ಅಮಾನತ್. ಅದನ್ನ ಮಾತ್ರ ಮುಟ್ಟಬೇಡಿ."

ಅಮಾನತ್ ಎಂದರೆ ನಂಬಿ ಒಪ್ಪಿಸಿದ್ದು ಎಂದು ಅವರೇ ಬಿಡಿಸಿ ಹೇಳಿದರು. ಮಧ್ಯಾಹ್ನದ ನಮಾಜಿಗೆ ಹೋಗುವಾಗ ಅಂಗಡಿಯನ್ನು ನನ್ನ ಮೇಲೆ ಬಿಟ್ಟು ಹೋಗುತ್ತಿದ್ದರು. ಬಂದವರಿಗೆ ನಾನೇ, "ಕೂತ್ಕೊಳ್ಳಿ, ಬರ್ತಾರೆ" ಎನ್ನುತ್ತಿದ್ದೆ. ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡು, ಆಫೀಸಿನ ಒಂದೇ ಸಿಮ್ಮನ್ನು ಒಂದು ಫೋನಿನಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತ, ಒಂದೇ ಪುಟವನ್ನು ಏಳೆಂಟು ಫೋನಿನಲ್ಲಿ ತೆರೆಯುತ್ತಿದ್ದೆ. ಒಂದು ನೂರು ಪುಟದ ನೋಟ್‌ಬುಕ್ಕಿತ್ತು. ಮೊದಲ ಹಾಳೆಗೆ ಅರಿಸಿನ ಕುಂಕುಮ ಹಚ್ಚಿದ್ದೆ. ಅಡ್ಡಕ್ಕೆ ಫೋನಿನ ಹೆಸರು, ಉದ್ದಕ್ಕೆ ಪುಟದ ಭಾಗಗಳು. ಸರಿ ಬಂದರೆ ರೈಟು, ಬಾರದಿದ್ದರೆ ಇಂಟು, ಹಾಗೂ ಹೀಗೂ ಇದ್ದರೆ ಅರ್ಧ ರೈಟು.

ಆ ನೋಟ್‌ಬುಕ್ಕಿನಲ್ಲಿ ಇಂಟುಗಳೇ ಹೆಚ್ಚು. ಒಂದು ಫೋನು ಬಣ್ಣ ತೋರಿಸುತ್ತಿರಲಿಲ್ಲ. ಇನ್ನೊಂದು ಚಿತ್ರವನ್ನು ನುಂಗುತ್ತಿತ್ತು. ಕನ್ನಡದ ಗತಿಯಂತೂ ಕೇಳಬೇಡಿ. ಒಂದರಲ್ಲಿ ಅಕ್ಷರ ಒಂದು ಕಡೆ, ಅದರ ಕೊಂಬು ಒಂದು ಕಡೆ. ಹೆಚ್ಚಿನವುಗಳಲ್ಲಿ ಅಕ್ಷರವೇ ಇಲ್ಲ, ಬರೀ ಚೌಕ, ಖಾಲಿ ಚೌಕಗಳ ಸಾಲು. ಪುಟದೊಳಗೆ ಸ್ಕ್ರಿಪ್ಟ್ ಎಂಬ ಇನ್ನೊಂದಿದೆ. ಅದು ಪುಟಕ್ಕೆ ಕಟ್ಟಿಕೊಟ್ಟ ಸಣ್ಣ ಸೂಚನೆಗಳ ಬುತ್ತಿ. ನೀವು ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟು ಬಟನ್ ಒತ್ತಿದಿರಿ ಎನ್ನಿ, ಇದನ್ನು ತುಂಬಿ ಎಂದು ಕೆಂಪು ಅಕ್ಷರದಲ್ಲಿ ಬೈದು ನಿಲ್ಲಿಸುವುದು ಅದೇ. ಕಂಪ್ಯೂಟರಿನ ಬ್ರೌಸರುಗಳು ಆ ಸೂಚನೆಯನ್ನು ಕೇಳುತ್ತಿದ್ದವು. ಆಗಿನ ಫೋನುಗಳಲ್ಲಿ ಕೆಲವು ಕೇಳುತ್ತಿದ್ದವು, ಕೆಲವು ಅರ್ಧ ಕೇಳುತ್ತಿದ್ದವು, ಕೆಲವು ಕಿವಿಯ ಮೇಲೇ ಹಾಕಿಕೊಳ್ಳುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಾದದ್ದು ಆಮೇಲೆ. ಗೊತ್ತಾಗಬೇಕಾದ ಹೊತ್ತಿನಲ್ಲಿ ಗೊತ್ತಿರಲಿಲ್ಲ.

ಅರ್ಜಿ ಪುಟಗಳನ್ನು ಪರೀಕ್ಷಿಸುವಾಗ ಯಾರದಾದರೂ ಹೆಸರು ಹಾಕಬೇಕಲ್ಲ. ನಾನು ತೀರಿಹೋದ ನಮ್ಮಮ್ಮನ ಹೆಸರು ಹಾಕುತ್ತಿದ್ದೆ. ಗೌರಮ್ಮ. ಜೀವಮಾನದಲ್ಲಿ ಹೆಬ್ಬೆಟ್ಟು ಒತ್ತಿದ್ದು ಬಿಟ್ಟರೆ ಒಂದು ಅರ್ಜಿಯನ್ನೂ ತುಂಬಿದವಳಲ್ಲ. ಅವಳಿಗೆ ಹುಟ್ಟಿದ ದಿನ, ಓದಿದ ಶಾಲೆ, ಪಾಸಾದ ವರ್ಷ ಎಲ್ಲವನ್ನೂ ನಾನು ಕೊಟ್ಟೆ. ಒಂದು ಕಾಲಮ್ಮನ್ನೂ ಖಾಲಿ ಬಿಡುತ್ತಿರಲಿಲ್ಲ.

"ನಿಮ್ಮ ತಾಯಿಯವರಿಗೆ ಎಷ್ಟು ಕಾಲೇಜಲ್ಲಿ ಸೀಟಾಯ್ತು ಶಾಂತಮ್ಮೋರೇ?" ಎಂದು ಗಿರೀಶ್ ಸರ್ ಕಿಚಾಯಿಸುತ್ತಿದ್ದರು. "ಇಂಜಿನಿಯರಿಂಗೂ ಅವ್ರಿಗೇ, ಬಿ.ಎಡ್ಡೂ ಅವ್ರಿಗೇ. ಬೇರೆ ಮಕ್ಳಿಗೂ ಒಂದೆರಡು ಬಿಡಿ."

ಖಾಲಿ ಬಿಡದಿರುವುದು ನನ್ನ ಕೈಗೆ ಬಂದ ಅಭ್ಯಾಸ. ಅದು ಸಹ ಅಮ್ಮ ಕಲಿಸಿದ್ದೇ. ಪಕ್ಕದ ಮನೆಯಿಂದ ಏನಾದರೂ ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಕೊಡಲು ಏನೂ ಇಲ್ಲದ ದಿನ ಅಮ್ಮ ಎರಡು ಹೂವಾದರೂ ಇಟ್ಟು ಕೊಡುತ್ತಿದ್ದಳು. ಖಾಲಿಯಾಗಿ ಬಿಡುವುದು ಅಂದರೆ ನನ್ನ ಕೈಗೆ ಆಗದ ಮಾತು. ಕೆಲಸದಲ್ಲೂ ಹಾಗೇ ಆಯಿತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವಳು ಸೆಲ್ವಿ. ಅವಳ ಅಜ್ಜನ ಕಾಲದಲ್ಲೇ ಕಾರ್ಖಾನೆಗೆಂದು ಸೇಲಂ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಓದಿದ್ದೂ ಭದ್ರಾವತಿಯಲ್ಲಿ, ಹತ್ತನೆಯ ತರಗತಿ ಫಸ್ಟ್ ಕ್ಲಾಸು. ಗಂಡ ಮುರುಗೇಶ ಗುತ್ತಿಗೆ ಕೆಲಸಗಾರ. ಕಾರ್ಖಾನೆಯಲ್ಲಿ ಕೆಲಸವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮೆರಡು ಮನೆಯ ನಡುವೆ ಎದೆಯೆತ್ತರದ ಕಾಂಪೌಂಡು. ಅದರ ಮೇಲೆ ಒಂದು ಸ್ಟೀಲ್ ಡಬ್ಬಿ ಏಳು ವರ್ಷ ಓಡಾಡಿತು. ಅವಳ ಕಡೆಯಿಂದ ಇಡ್ಲಿ ಹಿಟ್ಟು ಬಂದರೆ ನನ್ನ ಕಡೆಯಿಂದ ಬೆಲ್ಲ. ನನ್ನ ಕಡೆಯಿಂದ ಹುಗ್ಗಿ ಹೋದರೆ ಅವಳ ಕಡೆಯಿಂದ ಮುರುಕು. ಡಬ್ಬಿ ಮೂಲತಃ ನನ್ನದು. ಅದು ಯಾರದೆಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಶಿವಮೊಗ್ಗದ ಒಂದು ಟ್ರಸ್ಟಿನವರು ಆಸ್ಪತ್ರೆ ವಾರ್ಡಿನ ಸಹಾಯಕಿಯರಿಗೆ ಒಂದು ವರ್ಷದ ತರಬೇತಿ ಕೊಡುತ್ತಿದ್ದರು. ಊಟ, ಕೈಖರ್ಚು, ಮುಗಿಸಿದ ಮೇಲೆ ಕೆಲಸ. ಹತ್ತನೆಯ ತರಗತಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಸೆಲ್ವಿಗೆ ಆ ವರ್ಷ ಮೂವತ್ತೈದು. ಹಿಂದಿನ ವರ್ಷಗಳಲ್ಲಿ ಮಕ್ಕಳು ಚಿಕ್ಕವು, ಅತ್ತೆ ಹಾಸಿಗೆ ಹಿಡಿದಿದ್ದರು, ಹೋಗಲು ಆಗಿರಲಿಲ್ಲ. "ಇದೇ ನನ್ನ ಕಡೇ ಬಸ್ಸು ಅಕ್ಕಾ" ಎಂದು ಅವಳು ಕಾಂಪೌಂಡಿಗೆ ಕೈಯೂರಿ ಹೇಳಿದ್ದಳು. "ಇದು ಸಿಕ್ರೆ ಮಾತ್ರ ನಾವು ಈ ಊರಲ್ಲಿ. ಇಲ್ದಿದ್ರೆ ಇವ್ರು ತಿರುಪ್ಪೂರು ಅಂತ ಕುಣಿತಾ ಇದಾರೆ, ಬಟ್ಟೆ ಕಂಪನಿಗೆ. ನನ್ ಮಕ್ಳು ಅಲ್ಲಿ ಹೋಗಿ ಯಾವ ಭಾಷೇಲಿ ಓದ್ತಾವೆ?"

ಆ ಟ್ರಸ್ಟಿನ ಅರ್ಜಿ ಪುಟ ಮಾಡಿದ್ದು ನಮ್ಮ ಆಫೀಸು. ಅದನ್ನು ಹೇಳಿದಾಗ ಸೆಲ್ವಿ ನನ್ನ ಕೈ ಹಿಡಿದುಕೊಂಡಳು. ದೇವರೇ ನನ್ನನ್ನು ಅಲ್ಲಿ ಕೂರಿಸಿದ್ದಾನೆ ಎಂದು ನನಗೂ ಅನ್ನಿಸಿತು.

ಪುಟ ಇಂಗ್ಲಿಷಿನಲ್ಲಿತ್ತು, ಕೆಳಗೆ ಕನ್ನಡದಲ್ಲಿ ಅದೇ ಮಾತು. ಎಲ್ಲ ಮುಗಿದು ಒಪ್ಪಿಸುವ ದಿನ ಟ್ರಸ್ಟಿನವರು ಫೋನು ಮಾಡಿ, ಹತ್ತನೆಯ ತರಗತಿಯ ನೋಂದಣಿ ಸಂಖ್ಯೆಯೂ ಬೇಕು, ಒಂದು ಕಾಲಂ ಸೇರಿಸಿ ಎಂದರು. ಗಿರೀಶ್ ಸರ್ ಊಟಕ್ಕೆ ಹೋಗಿದ್ದರು. ನಾನೇ ಕಾಲಂ ಸೇರಿಸಿ, ಕನ್ನಡದಲ್ಲಿ ಹೆಸರು ಟೈಪು ಮಾಡಿದೆ. ಇಂಗ್ಲಿಷನ್ನು ಸರ್ ಬಂದು ಹಾಕುತ್ತಾರೆ ಎಂದುಕೊಂಡೆ. ಅವರು ಬಂದು ನೋಡಿ, ನಾನು ಮುಗಿಸಿದ್ದೇನೆ ಎಂದುಕೊಂಡರು. ಕನ್ನಡ ಮಾತ್ರ ಇರುವ ಕಾಲಂ ಅದೊಂದೇ.

ಪುಟ ತೆಗೆದುಕೊಂಡು ರಿಯಾಜ್ ಅಂಗಡಿಗೆ ಹೋದೆ. ಏಳು ಫೋನಿನಲ್ಲಿ ಏಳು ಸಲ ಗೌರಮ್ಮನ ಅರ್ಜಿ ತುಂಬಿದೆ. ಐದರಲ್ಲಿ ಕನ್ನಡ ಚೌಕ ಚೌಕ. ನನಗೆ ಪುಟ ಬಾಯಿಪಾಠ, ಯಾವ ಚೌಕದ ಹಿಂದೆ ಯಾವ ಮಾತಿದೆ ಎಂದು ಗೊತ್ತು, ಕಣ್ಣುಮುಚ್ಚಿ ತುಂಬಿದೆ. ಬಟನ್ ಒತ್ತಿದೆ. ಏಳರಲ್ಲೂ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಎಂದು ಬಂತು. ಕನ್ನಡ ಅಕ್ಷರದ ಸಾಲಿಗೆ ಐದು ಇಂಟು ಹಾಕಿದೆ. ಅರ್ಜಿ ಹೋಗುತ್ತದೆ ಎಂಬ ಸಾಲಿಗೆ ಏಳೂ ರೈಟು. ಅಷ್ಟು ರೈಟು ಒಟ್ಟಿಗೆ ಬಿದ್ದದ್ದು ಆ ನೋಟ್‌ಬುಕ್ಕಿನಲ್ಲಿ ಅದೇ ಮೊದಲು. ಸಂತೋಷಕ್ಕೆ ರಿಯಾಜ್ ಟೀ ತರಿಸಿದರು.

ಚೌಕದ ವಿಷಯ ಗಿರೀಶ್ ಸರ್‌ಗೆ ಹೇಳಿದೆ. "ಇಂಗ್ಲಿಷ್ ಇದ್ಯಲ್ಲಮ್ಮ ಮೇಲೆ, ಸಾಕು" ಎಂದರು. ನನ್ನ ರೈಟು ನೋಡಿ ಅವರಿಗೆ ಹುರುಪು ಬಂತು. ಮೊಬೈಲಿನಿಂದಲೂ ಅರ್ಜಿ ಹಾಕಬಹುದು ಎಂದು ಟ್ರಸ್ಟಿನವರಿಗೆ ಹೇಳಿದರು. ಅವರು ಅದನ್ನು ನೋಟೀಸಿನಲ್ಲಿ ಅಚ್ಚು ಹಾಕಿಸಿದರು. ನನಗೆ ಹೆಮ್ಮೆಯೇ ಆಯಿತು.

ಸೆಲ್ವಿ ಅರ್ಜಿ ಹಾಕಲು ಬ್ರೌಸಿಂಗ್ ಸೆಂಟರಿಗೆ ಹೋದದ್ದು ಕೊನೆಯ ದಿನ. ಅಲ್ಲಿಯವರೆಗೆ ಜಾತಿ ಪತ್ರಕ್ಕೆ ಅಲೆದಿದ್ದಳು. ಹೋದರೆ ಭದ್ರಾವತಿಯಲ್ಲಿ ಕರೆಂಟಿಲ್ಲ. ಸಂಜೆಯವರೆಗೂ ಬರುವುದಿಲ್ಲ ಎಂದು ಸೆಂಟರಿನವನು ಬಾಗಿಲು ಎಳೆದುಕೊಂಡಿದ್ದ. ಮುರುಗೇಶನ ಬಳಿ ಒಂದು ಫೋನಿತ್ತು, ನಾನೇ ರಿಯಾಜ್ ಹತ್ತಿರ ಕಡಿಮೆಗೆ ಕೊಡಿಸಿದ್ದು. ನನ್ನ ನೋಟ್‌ಬುಕ್ಕಿನ ಮೂರನೆಯ ಫೋನು ಅದೇ ಮಾದರಿ. ಅದರಿಂದ ನಮ್ಮ ಆಫೀಸಿಗೆ ಫೋನು ಮಾಡಿದಳು.

"ಅಕ್ಕಾ, ಶಿವಮೊಗ್ಗಕ್ಕೆ ಬಂದ್ಬಿಡ್ಲಾ? ಬಸ್ಸು ಹಿಡಿದ್ರೆ ಮೂರಕ್ಕೆ ಬರ್ತೀನಿ."

"ಯಾಕೆ ಬರ್ತೀಯ ಬಿಸಿಲಲ್ಲಿ? ಫೋನಲ್ಲೇ ಹಾಕು. ನಾನು ಎಲ್ಲಾ ನೋಡಿದೀನಿ."

"ಅಲ್ಲಲ್ಲಿ ಬರೀ ಡಬ್ಬ ಡಬ್ಬ ಬರ್ತಿದೆ ಅಕ್ಕಾ, ಅಕ್ಷರ ಇಲ್ಲ."

"ಅದು ಕನ್ನಡ ಕಣೇ, ನಿನ್ ಫೋನಿಗೆ ಕನ್ನಡ ಬರಲ್ಲ. ಅದನ್ನ ಬಿಡು, ಇಂಗ್ಲಿಷಲ್ಲಿ ಇರೋದನ್ನ ತುಂಬು."

"ಏನಾದ್ರೂ ಬಿಟ್ಟೋದ್ರೆ?"

"ಬಿಟ್ಟೋದ್ರೆ ಅದೇ ಬೈಯುತ್ತೆ, ಕೆಂಪಲ್ಲಿ. ಮುಂದಕ್ಕೇ ಬಿಡಲ್ಲ."

ಈ ಮಾತುಗಳನ್ನು ನಾನು ಆಡಿದ್ದು ಹೀಗೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲ. ಹೇಳುವಾಗ ಒಂದು ಕೈಯಲ್ಲಿ ಬೇರೆ ಯಾವುದೋ ಪುಟ ಟೈಪು ಮಾಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಅವಳು ಮತ್ತೆ ಫೋನು ಮಾಡಿ, "ಥ್ಯಾಂಕ್ಯೂ ಅಂತ ಬಂತು ಅಕ್ಕಾ, ಬೈಲೇ ಇಲ್ಲ!" ಎಂದು ನಕ್ಕಳು. ಆ ದಿನ ದೀಪದ ಮುಂದೆ ಅದನ್ನು ಮೊದಲ ಉಪಕಾರವೆಂದು ಎಣಿಸಿದೆ. ಸಂಜೆ ಡಬ್ಬಿಯಲ್ಲಿ ಪಾಯಸ ಹಾಕಿ ಕೊಟ್ಟೆ.

ಪಟ್ಟಿ ಬಂತು. ಸೆಲ್ವಿಯ ಹೆಸರಿರಲಿಲ್ಲ. ಅವಳಿಗಿಂತ ಕಡಿಮೆ ಅಂಕದವರ ಹೆಸರಿತ್ತು. ಮಾರನೆಯ ದಿನ ಇಬ್ಬರೂ ಬಸ್ಸು ಹತ್ತಿದೆವು. ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಅಂಕಪಟ್ಟಿ. ಮಲವಗೊಪ್ಪ ದಾಟಿದ ಮೇಲೆ, "ಎಲ್ಲೋ ಹೆಸರು ಬಿಟ್ಟಿರ್ತಾರೆ ಅಲ್ವಾ ಅಕ್ಕಾ, ಟೈಪು ಮಾಡೋವಾಗ?" ಎಂದಳು. "ಹೂಂ, ಇರುತ್ತೆ" ಎಂದೆ.

ಟ್ರಸ್ಟಿನ ಆಫೀಸಿನಲ್ಲಿ ಕನ್ನಡಕದ ಒಬ್ಬ ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿದರು.

"ನಿಮ್ದು ಅಪೂರ್ಣ ಅರ್ಜಿ ಅಮ್ಮಾ. ರಿಜಿಸ್ಟರ್ ನಂಬರೇ ಹಾಕಿಲ್ಲ."

"ಅಂಥದ್ದು ಕೇಳಲೇ ಇಲ್ಲ ಸಾರ್."

"ಕೇಳಿದೆ ಕಣಮ್ಮ, ನೋಡಿ ಇಲ್ಲಿ" ಎಂದು ಅವರು ಪರದೆ ತಿರುಗಿಸಿದರು. ನಾನು ಟೈಪು ಮಾಡಿದ ಕನ್ನಡದ ಸಾಲು ಅವರ ಕಂಪ್ಯೂಟರಿನಲ್ಲಿ ಮುತ್ತಿನಂತೆ ಇತ್ತು. ಎದುರಿಗೆ ಖಾಲಿ.

"ಬಿಟ್ಟೋದ್ರೆ ನಿಲ್ಲಿಸುತ್ತಲ್ಲ ಸರ್ ಪುಟ?" ಎಂದೆ ನಾನು.

"ಅದನ್ನೇ ನಮ್ಗೂ ಹೇಳಿದ್ರು, ಖಾಲಿ ಬಿಟ್ರೆ ಅರ್ಜಿ ಬರೋದೇ ಇಲ್ಲ ಅಂತ. ಆದ್ರೂ ಖಾಲಿ ಬಂದಿದಾವೆ ಅಂದ್ರೆ ಪಾಸಾಗ್ದೇ ಇರೋರು ಏನೋ ಉಪಾಯ ಮಾಡಿದಾರೆ ಅಂತ ಕಮಿಟಿಯೋರು ಅವನ್ನೆಲ್ಲ ಪಕ್ಕಕ್ಕೆ ಇಟ್ರು." ಮೇಜಿನ ತುದಿಯಲ್ಲಿ ದಾರ ಕಟ್ಟಿದ ಒಂದು ಕಟ್ಟಿತ್ತು. ಅದರಲ್ಲಿ ಎಷ್ಟು ಅರ್ಜಿಗಳಿದ್ದವೋ ನಾನು ಕೇಳಲಿಲ್ಲ. ಇವತ್ತಿಗೂ ಆ ಕಟ್ಟಿನ ದಪ್ಪ ಮಾತ್ರ ಕಣ್ಣಲ್ಲಿದೆ.

ಸೆಲ್ವಿ ಕವರಿನಿಂದ ಅಂಕಪಟ್ಟಿ ತೆಗೆದು ಅವರ ಮುಂದಿಟ್ಟಳು. ನಂಬರಿನ ಮೇಲೆ ಬೆರಳಿಟ್ಟಳು. "ಇಲ್ಲೇ ಇದೆ ಸಾರ್. ಈಗ ಬರ್ಕೊಳ್ಳಿ."

"ಪಟ್ಟಿ ಆಗೋಯ್ತಮ್ಮ. ಸೀಟು ತುಂಬಿದಾವೆ. ಮುಂದಿನ ವರ್ಷ ಹಾಕಿ."

"ಮುಂದಿನ ವರ್ಷ ನಂಗೆ ವಯಸ್ಸು ದಾಟುತ್ತೆ ಸಾರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಳ್ಳೆಯವರೇ. ಬೈಯಲಿಲ್ಲ, ಗದರಲಿಲ್ಲ. ಅದನ್ನೂ ಉಪಕಾರವೆಂದು ಎಣಿಸಬೇಕೇ ಎಂದು ನಾನು ಆ ಸಂಜೆ ಯೋಚಿಸಿದೆ.

ಅಲ್ಲಿಂದ ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ನಾನು ರಿಯಾಜ್ ಅಂಗಡಿಗೆ ಓಡಿದೆ. ಗಾಜಿನ ಪೆಟ್ಟಿಗೆಯಿಂದ ಅದೇ ಮಾದರಿಯ ಫೋನು ತೆಗೆದೆ. ಪುಟ ತೆರೆದು, ಏನನ್ನೂ ತುಂಬದೆ, ಹೆಸರನ್ನೂ ಹಾಕದೆ, ಬಟನ್ ಒತ್ತಿದೆ.

ಥ್ಯಾಂಕ್ಯೂ ಎಂದಿತು.

ಇನ್ನೊಂದು ಫೋನು ತೆಗೆದೆ. ಥ್ಯಾಂಕ್ಯೂ. ಇನ್ನೊಂದು. ಏಳರಲ್ಲಿ ಎರಡು ಮಾತ್ರ ಕೆಂಪಗೆ ಬೈದವು. ಉಳಿದ ಐದು ಖಾಲಿ ಅರ್ಜಿಯನ್ನು ಕೈಮುಗಿದು ತೆಗೆದುಕೊಂಡವು. ಕನ್ನಡ ಚೌಕವಾಗಿ ಬಂದ ಐದೂ ಅವೇ. ಬೈಯುವ ಸೂಚನೆ ಅವುಗಳ ಕಿವಿಗೆ ಬಿದ್ದೇ ಇರಲಿಲ್ಲ. ಅರ್ಜಿ ಹೋಗಿ ಸೇರುವ ಕಡೆಯಲ್ಲಿ ಇನ್ನೊಮ್ಮೆ ನೋಡಿ ತಡೆಯಲು ನಾವು ಏನನ್ನೂ ಇಟ್ಟಿರಲಿಲ್ಲ. ಎಲ್ಲವನ್ನೂ ಫೋನಿನೊಳಗಿನ ಬ್ರೌಸರಿನ ಮೇಲೆ ಬಿಟ್ಟಿದ್ದೆವು.

ಒಂದೇ ಒಂದು ಸಲ, ಏಳು ಫೋನಿನಲ್ಲಿ ಒಂದರಲ್ಲಿ, ನಾನು ಒಂದು ಕಾಲಂ ಖಾಲಿ ಬಿಟ್ಟು ಒತ್ತಿದ್ದರೆ ಸಾಕಿತ್ತು. ಬಿಡಲಿಲ್ಲ. ನಮ್ಮಮ್ಮನ ಅರ್ಜಿಯನ್ನು ಖಾಲಿ ಬಿಡಲು ಕೈ ಬರಲಿಲ್ಲ.

ರಿಯಾಜ್ ನನ್ನ ಮುಖ ನೋಡಿ ಸ್ಟೂಲು ಎಳೆದು ಕೂರಿಸಿದರು. ಎಲ್ಲ ಹೇಳಿದೆ. ಅವರು, "ಫೋನ್ ಕೊಟ್ಟಿದ್ದು ನಾನು ಅಕ್ಕಾ" ಎಂದರು. "ನಿಮ್ಮದೇನಿಲ್ಲ" ಎಂದೆ. "ನೀವು ಇವನ್ನ ಮಾರೋದಕ್ಕೆ ಇಟ್ಟಿದ್ರಿ. ಅಮಾನತ್ ಅನ್ನೋದು ನನ್ನ ಹತ್ರ ಇತ್ತು."

ಗಿರೀಶ್ ಸರ್‌ಗೆ ಹೇಳಿದೆ. ನಮ್ಮ ತಪ್ಪು ಎಂದು ಟ್ರಸ್ಟಿಗೆ ಒಂದು ಪತ್ರ ಕೊಡಿ, ಖಾಲಿ ಬಂದವರನ್ನೆಲ್ಲ ಮತ್ತೆ ನೋಡಲಿ ಎಂದೆ. ಅವರು ನೋಟ್‌ಬುಕ್ಕನ್ನು ತಿರುಗಿಸಿ ನನ್ನ ಮುಂದಿಟ್ಟರು.

"ಇಲ್ಲಿ ರೈಟು ಹಾಕಿದ್ದು ಯಾರು ಶಾಂತಮ್ಮೋರೇ?"

"ನಾನೇ."

"ಪತ್ರ ಕೊಟ್ರೆ ನಾಳೆಯಿಂದ ಈ ಊರಲ್ಲಿ ಯಾರೂ ನಮ್ಗೆ ಕೆಲಸ ಕೊಡಲ್ಲ. ನಿಮ್ಮ ಸಂಬಳಾನೂ ಇದರಲ್ಲೇ ಇದೆ." ಆಮೇಲೆ ದನಿ ತಗ್ಗಿಸಿ, "ಪುಟ ಸರಿ ಮಾಡ್ತೀನಿ, ಮುಂದಿನ ವರ್ಷಕ್ಕೆ" ಎಂದರು.

ಪುಟವನ್ನು ನಿಜವಾಗಿಯೂ ಸರಿ ಮಾಡಿದರು. ಪತ್ರ ಕೊಡಲಿಲ್ಲ. ನಾನೇ ಒಂದು ಕಾಗದ ಬರೆದು, ನೋಟ್‌ಬುಕ್ಕಿನ ಆ ಹಾಳೆಯನ್ನು ಲಗತ್ತಿಸಿ ಟ್ರಸ್ಟಿಗೆ ಕೊಟ್ಟು ಬಂದೆ. ಅದೇ ಗುಮಾಸ್ತರು ತೆಗೆದುಕೊಂಡು ಮುದ್ರೆ ಒತ್ತಿದರು. ಕಮಿಟಿಯಿಂದ ಉತ್ತರ ಬರಲಿಲ್ಲ. ತರಬೇತಿ ಶುರುವಾಯಿತು. ಗಿರೀಶ್ ಸರ್‌ಗೆ ಆ ಕಾಗದದ ವಿಷಯ ಯಾವತ್ತಾದರೂ ಗೊತ್ತಾಯಿತೋ ಇಲ್ಲವೋ ತಿಳಿಯದು. ಆ ವರ್ಷದ ಕೊನೆಗೆ ನಾನೇ ಕೆಲಸ ಬಿಟ್ಟೆ.

ಸೆಲ್ವಿಗೆ ನಿಜ ಹೇಳಬೇಕಿತ್ತು. ಕಾಂಪೌಂಡಿನ ಹತ್ತಿರ ನಿಂತು ಹೇಳಿದೆ. ಚೌಕದ ಹಿಂದೆ ಏನಿತ್ತು, ಅದನ್ನು ಟೈಪು ಮಾಡಿದ್ದು ಯಾರು, ಬೈಯುತ್ತದೆ ಎಂದದ್ದು ಯಾವ ನಂಬಿಕೆಯ ಮೇಲೆ, ಎಲ್ಲ. ಜಗಳ ಮಾಡಲಿ ಎಂದು ಕಾದೆ. ತಮಿಳಿನಲ್ಲಾದರೂ ಬೈಯಲಿ ಎಂದು ಕಾದೆ. ಅವಳು ಒಗೆದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು.

"ನೀವು ನೋಡಿದೀನಿ ಅಂದ್ರಿ ಅಕ್ಕಾ" ಎಂದಳು ಕೊನೆಗೆ. "ಅದಕ್ಕೇ ನಾನು ನೋಡ್ಲಿಲ್ಲ."

ಅಷ್ಟೇ. ಒಳಗೆ ಹೋದಳು.

ಈಗಿನ ಫೋನುಗಳಲ್ಲಿ ಕನ್ನಡ ಚೌಕವಾಗುವುದಿಲ್ಲ. ಸ್ಕ್ರಿಪ್ಟನ್ನು ಎಲ್ಲವೂ ಕೇಳುತ್ತವಂತೆ, ನಿಯಮಾವಳಿಯನ್ನು ಹೆಚ್ಚುಕಡಿಮೆ ಎಲ್ಲರೂ ಪಾಲಿಸುತ್ತಾರಂತೆ. ನಾದಿನಿಯ ಮಗಳು ಹೆಮ್ಮೆಯಿಂದ ಹೇಳುತ್ತಾಳೆ. ಒಳ್ಳೆಯದೇ. ಆದರೆ ಯಾರೋ ಒಬ್ಬರ ಕೈಯಲ್ಲಿ ಯಾವಾಗಲೂ ಹಳೆಯ ಫೋನು ಇರುತ್ತದೆ. ಕೊನೆಯ ದಿನ ಕರೆಂಟು ಹೋಗುವುದು ಅವರ ಊರಿನಲ್ಲೇ. ನಿಮಗೆ ನಾನು ಹೇಳುವುದು ಇಷ್ಟೇ. ಪುಟ ಕೈಗೆ ಬಂದ ಕೂಡಲೇ ಮೊದಲು ಖಾಲಿ ಬಿಟ್ಟು ಒತ್ತಿ ನೋಡಿ. ಚೆನ್ನಾಗಿ ತುಂಬುವುದು ಆಮೇಲೆ. ನಿಮಗೆ ಬಾಯಿಪಾಠವಾದ ಪುಟವನ್ನು ನೀವೇ ಪರೀಕ್ಷೆ ಮಾಡಬೇಡಿ, ಅದನ್ನು ಕಂಡೇ ಇಲ್ಲದವರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ನಾನು ನೋಡಿದ್ದೇನೆ ಎಂಬ ಮಾತನ್ನು ಬಾಯಿಂದ ಬಿಡುವ ಮುಂಚೆ ಏನು ನೋಡಿಲ್ಲ ಎಂದು ಕೇಳಿಕೊಳ್ಳಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ ಎಂದು ಬರೆಯಬಹುದು. ಬರೆದರೆ ಭಾರವೇನೂ ಇಳಿಯುವುದಿಲ್ಲ.

ಸೆಲ್ವಿಯ ಮನೆಯವರು ಶಾಲೆಗಳಿಗೆ ರಜೆ ಬಿಟ್ಟ ಮೇಲೆ ತಿರುಪ್ಪೂರಿಗೆ ಹೊರಟರು. ಲಾರಿಗೆ ಸಾಮಾನು ತುಂಬುವಾಗ ನಾನು ಹೋಗಿ ನಿಂತೆ. ಮಕ್ಕಳು ನನ್ನ ಕಾಲಿಗೆ ಬಿದ್ದವು. ಅವಳು "ಬರ್ತೀನಿ ಅಕ್ಕಾ" ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಲಾರಿ ತಿರುಗಿ ಹೋದ ಮೇಲೆ ಮನೆಗೆ ಬಂದು ನೋಡಿದರೆ ಕಾಂಪೌಂಡಿನ ಮೇಲೆ ಆ ಸ್ಟೀಲ್ ಡಬ್ಬಿ ಇತ್ತು. ಪಾಯಸ ಹಾಕಿ ಕೊಟ್ಟಿದ್ದೆನಲ್ಲ, ಅದೇ. ಅಷ್ಟು ತಿಂಗಳಿಂದ ಅವಳ ಮನೆಯಲ್ಲೇ ಉಳಿದಿತ್ತು.

ಚೆನ್ನಾಗಿ ಉಜ್ಜಿ ತೊಳೆದಿದ್ದಳು. ಮುಚ್ಚಳ ಗಟ್ಟಿಯಾಗಿ ಹಾಕಿದ್ದಳು. ಏಳು ವರ್ಷದಲ್ಲಿ ಒಂದು ಸಲವೂ ಅದು ಹಾಗೆ ಬಂದಿರಲಿಲ್ಲ, ಒಂದು ಕರಿಬೇವಿನ ಎಸಳಾದರೂ ಇರುತ್ತಿತ್ತು. ನಾನು ಮುಚ್ಚಳ ತೆಗೆದು ಒಳಗೆ ನೋಡಿದೆ. ಬೆರಳಾಡಿಸಿಯೂ ನೋಡಿದೆ.

ಏನೂ ಇರಲಿಲ್ಲ.